ದೀಪಧಾರಿಣಿಯ ಲೆಕ್ಕದ ಪುಸ್ತಕ

ದಯೆಗೂ ಲೆಕ್ಕಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂದು ಭಾವಿಸುವವರು ನಮ್ಮಲ್ಲಿ ಬಹುಮಂದಿ. ಫ್ಲಾರೆನ್ಸ್ ನೈಟಿಂಗೇಲಳ ಜೀವನವು ಈ ಭಾವನೆಯನ್ನು ಸುಳ್ಳುಮಾಡುತ್ತದೆ. ಇರುಳಿನಲ್ಲಿ ದೀಪ ಹಿಡಿದು ಗಾಯಾಳುಗಳನ್ನು ಉಪಚರಿಸಿದ ಮಹಿಳೆಯೆಂದು ಆಕೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಆಕೆ ಜೀವಮಾನವೆಲ್ಲ ಬಿಡದೆ ಹಿಡಿದಿದ್ದ ಲೆಕ್ಕದ ಪುಸ್ತಕವನ್ನು ಬಲ್ಲವರು ವಿರಳ.

ಆಕೆ 1820ನೆಯ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಿರಿವಂತ ಆಂಗ್ಲ ದಂಪತಿಗಳ ಮಗಳಾಗಿ ಜನಿಸಿದಳು. ಆ ಊರಿನ ಹೆಸರೇ ಆಕೆಯ ಹೆಸರಾಯಿತು. ತಂದೆಯೇ ಮನೆಯಲ್ಲಿ ವಿದ್ಯೆ ಕಲಿಸಿದನು. ತೋಟದ ಹಣ್ಣು-ತರಕಾರಿಗಳ ವಿವರಗಳನ್ನು ಕೋಷ್ಟಕವಾಗಿ ಬರೆದಿಡುವುದು ಬಾಲ್ಯದಲ್ಲಿಯೇ ಆಕೆಗೆ ಪ್ರಿಯವಾಗಿತ್ತು. ಹೆಣ್ಣುಮಕ್ಕಳಿಗೆ ಗಣಿತವೇಕೆಂದು ಮನೆಯವರು ಹಿಂಜರಿದರೂ ಹಟ ಹಿಡಿದು ಅದನ್ನು ಕಲಿತಳು.

1854ರಲ್ಲಿ ಕ್ರಿಮಿಯಾ ಯುದ್ಧವು ನಡೆಯುತ್ತಿದ್ದಾಗ, 38 ದಾದಿಯರೊಡನೆ ಇಸ್ತಾಂಬುಲ್ ಬಳಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದಳು. ಅಲ್ಲಿ ಗಾಯಗಳಿಗಿಂತ ಕಾಲರಾ, ಆಮಶಂಕೆ, ಜ್ವರಗಳಿಗೆ ಬಲಿಯಾದವರೇ ಹೆಚ್ಚು. ಸತ್ತವರ ಲೆಕ್ಕವೂ ಸರಿಯಾಗಿರಲಿಲ್ಲ. 1855ರ ಫೆಬ್ರವರಿಯಲ್ಲಿ ನೂರಕ್ಕೆ ಸುಮಾರು 42 ರೋಗಿಗಳು ಮಡಿದರು. ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಸಮಿತಿಯು ಕಟ್ಟಿಕೊಂಡಿದ್ದ ಚರಂಡಿಗಳನ್ನು ಶುದ್ಧಗೊಳಿಸಿತು; ಜೂನ್ ವೇಳೆಗೆ ಸಾವು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು.

1856ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್‌ನ ನೆರವಿನಿಂದ ಆಕೆ ಆ ದಾಖಲೆಗಳನ್ನೆಲ್ಲ ಶೋಧಿಸಿದಳು. ತನ್ನ ಕಣ್ಣೆದುರಿಗೇ ಪ್ರಾಣಬಿಟ್ಟವರಲ್ಲಿ ಬಹುಪಾಲು ಜನರನ್ನು ಉಳಿಸಬಹುದಾಗಿತ್ತೆಂಬ ಕಹಿಸತ್ಯವನ್ನು ಅಂಕಿಗಳು ನುಡಿದವು. ಸತ್ತವರು ಮರಳಿ ಬಾರರು, ಬದುಕಿರುವವರಾದರೂ ಉಳಿಯಬೇಕು. ಆದರೆ ಅಂಕಿಗಳ ಉದ್ದ ಸಾಲುಗಳನ್ನು ಆಳುವವರು ಓದುವರೇ? ಅದಕ್ಕಾಗಿ 1858ರಲ್ಲಿ ಆಕೆ ಒಂದು ಚಿತ್ರ ರಚಿಸಿದಳು. ಹನ್ನೆರಡು ತಿಂಗಳುಗಳಿಗೆ ಹನ್ನೆರಡು ದಳಗಳು, ಹೂವು ಅರಳಿದಂತೆ. ಸಾವು ಹೆಚ್ಚಿದಷ್ಟೂ ಹರವು ಹೆಚ್ಚು. ತಡೆಯಬಹುದಾದ ರೋಗಗಳಿಗೆ ನೀಲಿ, ಗಾಯಗಳಿಗೆ ಕೆಂಪು, ಉಳಿದ ಕಾರಣಗಳಿಗೆ ಕಪ್ಪು. ನೀಲಿಯ ಮುಂದೆ ಕೆಂಪು ಎಷ್ಟು ಕಿರಿದೆಂಬುದನ್ನು ಮಗುವೂ ಕಾಣಬಹುದಾಗಿತ್ತು. ಅದೇ ವರ್ಷ ಆಕೆ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಪ್ರಥಮ ಮಹಿಳಾ ಸದಸ್ಯೆಯಾದಳು.

ಭಾರತಕ್ಕೆ ಆಕೆ ಎಂದೂ ಬರಲಿಲ್ಲ. ಆದರೂ ಇಲ್ಲಿನ ಸೈನ್ಯದ ಠಾಣ್ಯಗಳಿಗೆ ಪ್ರಶ್ನಾವಳಿ ಕಳುಹಿಸಿ, ಬಂದ ಉತ್ತರಗಳನ್ನು ಪರಿಶೀಲಿಸಿ, ಶುದ್ಧ ನೀರಿಗಾಗಿಯೂ ಚರಂಡಿಗಳಿಗಾಗಿಯೂ ವಾದಿಸಿದಳು. ಇಲ್ಲಿದ್ದ ಬ್ರಿಟಿಷ್ ಸೈನಿಕರ ಸಾವು ವರ್ಷಕ್ಕೆ ಸಾವಿರಕ್ಕೆ 69ರಿಂದ 18ಕ್ಕೆ ಇಳಿದುದನ್ನು 1873ರಲ್ಲಿ ಲೋಕಕ್ಕೆ ತಿಳಿಸಿದಳು. ಮುಂದೆ ನಮ್ಮ ಹಳ್ಳಿಗಳ ಆರೋಗ್ಯವೂ ಆಕೆಯ ಚಿಂತೆಯಾಯಿತು.

ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಅಂಕಿ-ಅಂಶಗಳ ಬೋಧನೆಗೆ ಒಂದು ಪೀಠವಿರಬೇಕೆಂದು 1891ರಲ್ಲಿ ಪ್ರಯತ್ನಿಸಿದಳು, ಅದು ಕೈಗೂಡಲಿಲ್ಲ. 1910ನೆಯ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಕಣ್ಮುಚ್ಚಿದಳು. ಅಂದು ವಿಶ್ವವಿದ್ಯಾನಿಲಯದಲ್ಲಿ ಎಡೆ ದೊರೆಯದ ವಿದ್ಯೆಯ ಮೊದಲ ಪಾಠ ಇಂದು ಪ್ರಾಥಮಿಕ ಶಾಲೆಯ ಗಣಿತ ಪುಸ್ತಕದಲ್ಲಿಯೇ ಇದೆ.

ಬಾಲಮಿತ್ರರೇ, ಮಳೆಗಾಲದಲ್ಲಿ ಜ್ವರದಿಂದ ಶಾಲೆಗೆ ಬಾರದವರನ್ನು ತಿಂಗಳುತಿಂಗಳಿಗೆ ಎಣಿಸಿ, ಸ್ತಂಭಚಿತ್ರ ಬರೆದು ನೋಡಿರಿ. ಯಾವ ತಿಂಗಳಿನ ಸ್ತಂಭ ಎತ್ತರ? ಅದೇಕೆ? ಸ್ತಂಭದ ಒಂದೊಂದು ಮನೆಯೂ ಒಬ್ಬ ಗೆಳೆಯನೆಂಬುದನ್ನು ಮರೆಯದಿರಿ. ಹಾಗೆ ನೆನೆದು ಎಣಿಸುವವನ ಕೈಯಲ್ಲಿ ಲೆಕ್ಕವೂ ಒಂದು ದೀಪವೇ.