ಬೌರಿಂಗ್ ಸಾಹೇಬರ ಎರಡು ಊರು

ಬೆಳಿಗ್ಗೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡೋ ರೈಲು ಬಂಗಾರಪೇಟೆಗೆ ಬರುವಷ್ಟರಲ್ಲಿ ನಿಲ್ಲೋಕೂ ಜಾಗ ಇರಲ್ಲ. ನಮ್ಮಲ್ಲಿ ಹಲವರು ಈ ರೈಲಿನ ಸದ್ದು ಕೇಳಿಯೇ ಬೆಳೆದವರು. ಬಂಗಾರಪೇಟೆ ಅಂದರೆ ನಮಗೆ ಒಂದು ಜಂಕ್ಷನ್, ಜೊತೆಗೆ ನೀರಿನಷ್ಟೇ ತಿಳಿಯಾದ ಪಾನಿ ಹಾಕಿ ಕೊಡೋ ಪಾನಿಪುರಿ. ಪಕ್ಕದಲ್ಲೇ ಚಿನ್ನದ ಗಣಿ ಇದೆಯಲ್ಲ, ಅದಕ್ಕೇ ಬಂಗಾರದ ಪೇಟೆ ಅಂದುಕೊಂಡಿದ್ದೆವು. ಆಮೇಲೆ ಗೊತ್ತಾಯಿತು, ಅದರ ಹಳೇ ಹೆಸರು ಬೌರಿಂಗ್‌ಪೇಟೆ. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ಹೆಸರಿನಲ್ಲಿರುವ ಬೌರಿಂಗೇ ಇವರು. ಯಾರಪ್ಪ ಇವರು, ಇಲ್ಲಿಂದ ಎಲ್ಲಿಗೆ ಹೋದರು ಅಂತ ಹುಡುಕಿದಾಗ ಸಿಕ್ಕ ಕಥೆ ಇದು.

ಲೂಯಿನ್ ಬೆಂಥಮ್ ಬೌರಿಂಗ್ ಹುಟ್ಟಿದ್ದು 1824ರಲ್ಲಿ. ತಂದೆ ಸರ್ ಜಾನ್ ಬೌರಿಂಗ್ ಮುಂದೆ ಹಾಂಗ್‌ಕಾಂಗ್‌ನ ಗವರ್ನರ್ ಆದವರು, ತತ್ವಜ್ಞಾನಿ ಜೆರೆಮಿ ಬೆಂಥಮ್‌ಗೆ ತುಂಬಾ ಆಪ್ತರು. ಮಗನ ಹೆಸರಿನ ನಡುವೆ ಬೆಂಥಮ್ ಸೇರಿದ್ದು ಹಾಗೆ. ಕಂಪನಿಯ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಹೈಲಿಬರಿ ಕಾಲೇಜಿನಲ್ಲಿ ಓದಿ, 1843ರಲ್ಲಿ ಬಂಗಾಳ ಸಿವಿಲ್ ಸರ್ವಿಸ್ ಸೇರಿದರು. ಆಗ ಅವರಿಗೆ ಹತ್ತೊಂಬತ್ತರ ಆಸುಪಾಸು, ಅಂದರೆ ನಮ್ಮದೇ ವಯಸ್ಸು. ನಾವಿನ್ನೂ ಇಂಟರ್ನಲ್ಸ್ ಮಾರ್ಕ್ಸ್ ಲೆಕ್ಕ ಹಾಕುತ್ತಾ ಕೂತಿದ್ದೇವೆ.

ಪಂಜಾಬಿನಲ್ಲಿ ಕೆಲಸ ಮಾಡಿ, ಆಮೇಲೆ ವೈಸ್‌ರಾಯ್ ಲಾರ್ಡ್ ಕ್ಯಾನಿಂಗ್‌ಗೆ ಖಾಸಗಿ ಕಾರ್ಯದರ್ಶಿಯಾಗಿದ್ದು, 1862ರಲ್ಲಿ ಬೌರಿಂಗ್ ಮೈಸೂರಿನ ಕಮಿಷನರ್ ಆಗಿ ಬಂದರು. ಆಗ ರಾಜ್ಯ ಬ್ರಿಟಿಷರ ಆಡಳಿತದಲ್ಲಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿದ್ದರೂ ಅಧಿಕಾರ ಅವರ ಕೈಯಲ್ಲಿರಲಿಲ್ಲ. ಬೌರಿಂಗ್‌ಗಿಂತ ಮುಂಚೆ ಇದ್ದ ಮಾರ್ಕ್ ಕಬ್ಬನ್ ಕಾಲು ಶತಮಾನಕ್ಕೂ ಹೆಚ್ಚು ಕಾಲ ಇಲ್ಲೇ ದುಡಿದು, 1861ರಲ್ಲಿ ಊರಿಗೆ ಅಂತ ಹೊರಟು, ದಾರಿಯಲ್ಲೇ ಸೂಯೆಜ್‌ನಲ್ಲಿ ತೀರಿಕೊಂಡಿದ್ದರು. ಆ ಕುರ್ಚಿಯಲ್ಲಿ ಬೌರಿಂಗ್ ಕೂತಿದ್ದು ಎಂಟೇ ವರ್ಷ.

ಆದರೆ ಆ ಎಂಟು ವರ್ಷ ಇವತ್ತಿಗೂ ಕಣ್ಣಿಗೆ ಕಾಣುತ್ತೆ. ರಾಜ್ಯವನ್ನು ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ಮಾಡಿದ್ದು ಅವರ ಕಾಲದಲ್ಲಿ. ಅದರಲ್ಲಿ ನಮ್ಮ ಕೋಲಾರವೂ ಒಂದು. ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿ ಎದ್ದಿದ್ದು ಆಗಲೇ. 1864ರಲ್ಲಿ ಬೆಂಗಳೂರು ಕಂಟೋನ್ಮೆಂಟ್‌ನಿಂದ ಜೋಲಾರ್‌ಪೇಟೆಗೆ ರೈಲು ಓಡಿತು. ಆ ದಾರಿಯಲ್ಲಿ ಬೆಳೆದ ಊರಿಗೇ ಅವರ ಹೆಸರು ಬಿತ್ತು.

1870ರಲ್ಲಿ ಬೌರಿಂಗ್ ಕೆಲಸ ಬಿಟ್ಟು ಇಂಗ್ಲೆಂಡಿಗೆ ಹೊರಟರು. ಆಗ ಅವರಿಗೆ 46ರ ಆಸುಪಾಸು. ಹೋದ ಮರುವರ್ಷವೇ ಪಂಜಾಬ್, ಮೈಸೂರು, ಕೊಡಗಿನ ಅನುಭವಗಳ ಒಂದು ಪುಸ್ತಕ ತಂದರು. ಅದೇ 1871ರಲ್ಲಿ ಇಲ್ಲಿ ಇನ್ನೊಂದು ವಿಷಯ ನಡೀತು. ನ್ಯೂಜಿಲೆಂಡಿನ ಯುದ್ಧದಿಂದ ವಾಪಸ್ ಬಂದಿದ್ದ ಲ್ಯಾವೆಲ್ ಎಂಬ ಸೈನಿಕ ಎತ್ತಿನ ಗಾಡಿ ಕಟ್ಟಿಸಿಕೊಂಡು ಚಿನ್ನ ಹುಡುಕೋಕೆ ಕೋಲಾರದ ಕಡೆ ಬಂದ. ಬೌರಿಂಗ್ ಹೋದರು, ಬಂಗಾರ ಬಂತು! 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ಕವಲು ರೈಲು ಬಿದ್ದ ಮೇಲೆ, ಆ ಪೇಟೆ ಚಿನ್ನದ ಗಣಿಗಳಿಗೆ ಬಾಗಿಲಾಯಿತು. ಜನರ ಬಾಯಲ್ಲಿ ಕಡೆಗೆ ಬಂಗಾರಪೇಟೆ ಆಯಿತು.

ಬೌರಿಂಗ್ ಕೊನೆಗೆ ನೆಲೆ ನಿಂತಿದ್ದು ಟಾರ್ಕೀ ಎಂಬ ಕಡಲ ತೀರದ ಊರಿನಲ್ಲಿ. ಇದು ಇರೋದು ಇಂಗ್ಲೆಂಡಿನ ಡೆವನ್‌ನಲ್ಲಿ. ಆ ಕಾಲದಲ್ಲಿ ದುಡ್ಡಿದ್ದ ಇಂಗ್ಲಿಷರು ಚಳಿಗಾಲ ಕಳೆಯೋಕೆ ಮೆಡಿಟರೇನಿಯನ್ ತೀರದ ನೀಸ್, ಕಾನ್, ಮಾಂತೋಂ ಊರುಗಳಿಗೆ ಹೋಗುತ್ತಿದ್ದರು. ಅದಕ್ಕೂ ಮುಂಚೆ ನೆಪೋಲಿಯನ್ ಯುದ್ಧಗಳ ಸಮಯದಲ್ಲಿ ಆ ಕಡೆ ಹೋಗೋ ದಾರಿ ಬಂದ್ ಆದಾಗ, ತಮ್ಮ ದೇಶದಲ್ಲೇ ಬೆಚ್ಚಗಿನ ಜಾಗ ಹುಡುಕಿದರು. ಹಾಗೆ ಬೆಳೆದ ಊರು ಟಾರ್ಕೀ. ಗುಡ್ಡದ ಮೇಲೆ ಬಂಗಲೆಗಳು, ಕೆಳಗೆ ಕೊಲ್ಲಿ. ಈಗಲೂ ಆ ತೀರಕ್ಕೆ ಇಂಗ್ಲಿಷ್ ರಿವಿಯೆರಾ ಅಂತ ಹೆಸರು. ಅಲ್ಲಿನ ಹೆಸರಾಂತ ತಾಳೆ ಮರಗಳು ನಿಜವಾದ ತಾಳೆಯಲ್ಲ. ನ್ಯೂಜಿಲೆಂಡಿನಿಂದ ತಂದು ನೆಟ್ಟ ಬೇರೆ ಜಾತಿಯ ಗಿಡ. ಒಂದೇ ನ್ಯೂಜಿಲೆಂಡಿನಿಂದ ಅವರಿಗೆ ಮರ ಹೋಯಿತು, ನಮಗೆ ಲ್ಯಾವೆಲ್ ಬಂದ.

ಇದನ್ನು ಓದುವಾಗ ನಮಗೆ ಕೆಜಿಎಫ್ ನೆನಪಾಯಿತು. ಟಾರ್ಕೀ ಜನ ಮೆಡಿಟರೇನಿಯನ್ ಥರ ಊರು ಕಟ್ಟುತ್ತಿದ್ದ ಕಾಲದಲ್ಲೇ, ಗಣಿಯ ಇಂಗ್ಲಿಷ್ ಅಧಿಕಾರಿಗಳು ಇಲ್ಲಿ ಬಂಗಲೆ, ಕ್ಲಬ್ಬು ಕಟ್ಟಿಕೊಂಡು ಇದಕ್ಕೆ ಲಿಟಲ್ ಇಂಗ್ಲೆಂಡ್ ಅನ್ನುತ್ತಿದ್ದರು. ಆದರೆ ಭೂಮಿಯೊಳಗೆ ಇಳಿಯುತ್ತಿದ್ದವರು ಇರುತ್ತಿದ್ದದ್ದು ಲೈನ್ ಮನೆಗಳಲ್ಲಿ. ಅವರಿಗೆ ಯಾವ ರಿವಿಯೆರಾನೂ ಇರಲಿಲ್ಲ.

ಬೌರಿಂಗ್ ದೇವರಂಥ ಮನುಷ್ಯ ಅಂತ ನಾವೇನೂ ಹೇಳುತ್ತಿಲ್ಲ. ಅವರು ಸಾಮ್ರಾಜ್ಯದ ಅಧಿಕಾರಿ. ಅವರು ಕಚೇರಿ, ಜಿಲ್ಲೆ, ಕಾಯಿದೆ ಎಲ್ಲವನ್ನೂ ಜೋಡಿಸಿಟ್ಟು ಹೋದ ಆರೇ ವರ್ಷಕ್ಕೆ, 1876-78ರ ಬರ ಬಂತು. ಮೈಸೂರು ರಾಜ್ಯದಲ್ಲಿ ಸುಮಾರು 10 ಲಕ್ಷ ಜನ ಹೋದರು. ಕೋಲಾರದ ಕಡೆ ಅದರ ಪೆಟ್ಟು ಜೋರಾಗೇ ಬಿತ್ತು. ಕಟ್ಟಡಗಳು ನಿಂತಿದ್ದವು, ಜನ ಉಳಿಯಲಿಲ್ಲ.

ಆದರೂ ಒಂದು ವಿಷಯ ನಮ್ಮನ್ನು ಬಿಡುತ್ತಿಲ್ಲ. 1893ರಲ್ಲಿ, ಇಲ್ಲಿಂದ ಹೋಗಿ 23 ವರ್ಷ ಆದ ಮೇಲೆ, ಬೌರಿಂಗ್ ಮತ್ತೊಂದು ಪುಸ್ತಕ ಬರೆದರು. ಅದು ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಬಗ್ಗೆ. ಹೈದರ್ ಹುಟ್ಟಿದ್ದು ಬೂದಿಕೋಟೆಯಲ್ಲಿ. ಅದು ಇರೋದು ಬಂಗಾರಪೇಟೆ ತಾಲೂಕಿನಲ್ಲಿ! ಅಂದರೆ ಇಂಗ್ಲೆಂಡಿನಲ್ಲಿ ಕೂತಿದ್ದ ಆ ವಯಸ್ಸಾದ ಮನುಷ್ಯ ಬರೆಯುತ್ತಿದ್ದದ್ದು ತನ್ನ ಹೆಸರಿನ ಪೇಟೆಯ ನೆರೆಯವನ ಕಥೆ. ಬರೆದದ್ದು ಗೆದ್ದವರ ಕಡೆಯಿಂದ, ನಿಜ. ಆದರೂ ಮರೆತವರು ಬರೆಯಲ್ಲ.

1910ರಲ್ಲಿ ಬೌರಿಂಗ್ ಟಾರ್ಕೀಯಲ್ಲಿ ತೀರಿಕೊಂಡರು. ಅದೇ ಊರಿನಲ್ಲಿ ಹುಟ್ಟಿದ ಅಗಾಥಾ ಕ್ರಿಸ್ಟಿಗೆ ಆಗ ಇನ್ನೂ ಇಪ್ಪತ್ತರೊಳಗಿನ ವಯಸ್ಸು. ಲೆಕ್ಕ ಹಾಕಿ ನೋಡಿ: ಮೈಸೂರಿನಲ್ಲಿ 8 ವರ್ಷ, ಇಲ್ಲಿಂದ ಹೋದ ಮೇಲೆ 40 ವರ್ಷ.

ಇದನ್ನೆಲ್ಲ ನಾವು ಯಾಕೆ ಬರೀತಿದ್ದೀವಿ ಅಂದರೆ, ನಮ್ಮೂರು ಬಿಟ್ಟು ಹೋಗುವವರ ಊರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು, ಸೈನೈಡ್ ಗುಡ್ಡಗಳು ಉಳಿದವು. ಅವತ್ತಿನಿಂದ ಜನ ದಿನಾ ಬೆಳಿಗ್ಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾರೆ. ನಮ್ಮ ಸೀನಿಯರ್‌ಗಳು ಇನ್ನೂ ದೂರ ಹೋಗುತ್ತಾರೆ, ಕಡಲ ತೀರದ ಫೋಟೋ ಹಾಕುತ್ತಾರೆ. ನಾಳೆ ನಾವೂ ಹೋಗಬಹುದು. ಹೋಗೋದು ತಪ್ಪು ಅಂತ ನಮಗೆ ಅನ್ನಿಸಲ್ಲ. ಬೌರಿಂಗ್ ಹೋಗಿದ್ದೂ ತಪ್ಪಲ್ಲ, ಅದು ಅವರ ಊರು.

ನಮ್ಮ ಹೆಸರಲ್ಲಿ ಯಾರೂ ಪೇಟೆ ಕಟ್ಟಲ್ಲ. ಆದರೆ ಎಲ್ಲೇ ಇದ್ದರೂ 23 ವರ್ಷ ಆದ ಮೇಲೂ ಬೂದಿಕೋಟೆ ಬಗ್ಗೆ ನಾಲ್ಕು ಸಾಲು ಬರೆಯುವಷ್ಟು ನೆನಪು ನಮಗಿರುತ್ತಾ? ಈ ಪತ್ರಿಕೆಗೆ ಕನ್ನಡದಲ್ಲಿ ತಡವರಿಸಿಕೊಂಡು ಬರೆಯೋಕೆ ಕೂತಾಗ ನಮಗೆ ಬಂದ ಪ್ರಶ್ನೆ ಅದು. ಮುಂದಿನ ಸಲ ರೈಲು ಬಂಗಾರಪೇಟೆಯಲ್ಲಿ ನಿಂತಾಗ ಬೋರ್ಡನ್ನೊಮ್ಮೆ ನೋಡಿ. ಪಾನಿಪುರಿ ತಿನ್ನೋದನ್ನೂ ಮರೀಬೇಡಿ.