ಸೆರೆಮನೆಯ ಯಾತ್ರಿಕನು: ಜಾನ್ ಬನ್ಯನನ ಚರಿತ್ರೆ

ತೂತುಬಿದ್ದ ಪಾತ್ರೆಗಳಿಗೆ ಬೆಸುಗೆ ಹಾಕುತ್ತಾ ಊರೂರು ತಿರುಗುವವರನ್ನು ಕಾಮಸಮುದ್ರ, ಬಂಗಾರಪೇಟೆಗಳ ಕಡೆಯ ಹಿರಿಯರು ಬಲ್ಲರು. ಅಂಥ ಕಸುಬಿನವನೊಬ್ಬನು ಬರೆದ ಕಥೆಯು ಲೋಕದ ಅನೇಕ ಭಾಷೆಗಳಿಗೆ ಹೋಗಿ ನಮ್ಮ ಕನ್ನಡಕ್ಕೂ ಬಂದಿದೆ.

ಜಾನ್ ಬನ್ಯನನು 1628ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್ ಪಟ್ಟಣದ ಬಳಿ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಸ್ವಲ್ಪ ಓದುಬರಹ ಕಲಿತು ತಂದೆಯ ಕಸುಬನ್ನೇ ಹಿಡಿದನು. ಮದುವೆಯಾದಾಗ ಮನೆಯಲ್ಲಿ ತಟ್ಟೆ ಚಮಚ ಸಹ ಇರಲಿಲ್ಲ. ಹೆಂಡತಿಯು ತವರಿನಿಂದ ತಂದದ್ದು ಎರಡು ಭಕ್ತಿಗ್ರಂಥಗಳು. ಅವುಗಳನ್ನು ಓದಿ ಅವನು ದೇವಾಲಯಕ್ಕೆ ಹೋಗತೊಡಗಿ, ಕೆಟ್ಟ ಮಾತುಗಳನ್ನು ಬಿಟ್ಟನು. ನೆರೆಯವರು ಹೊಗಳಿದರು, ಅವನೂ ಹಿಗ್ಗಿದನು.

ಒಂದು ದಿನ ಬೆಡ್‌ಫರ್ಡಿನ ಬೀದಿಯಲ್ಲಿ, ಬಾಗಿಲ ಬಳಿ ಬಿಸಿಲಿಗೆ ಕುಳಿತಿದ್ದ ಕೆಲವು ಬಡ ಹೆಂಗಸರು ಹೊಸ ಜನ್ಮದ ವಿಷಯ ಮಾತಾಡುವುದನ್ನು ಕೇಳಿದನು. ಅವರಿಗಿದ್ದ ಸಂತೋಷವು ತನ್ನಲ್ಲಿ ಇಲ್ಲವೆಂದೂ ತನ್ನ ಭಕ್ತಿಯು ಜನರ ಹೊಗಳಿಕೆಗೆ ಮಾತ್ರ ಆದದ್ದೆಂದೂ ಅವನಿಗೆ ತಿಳಿಯಿತು. ಅಂದಿನಿಂದ ಅನೇಕ ವರುಷ ಭಯಕ್ಕೂ ನಿರೀಕ್ಷೆಗೂ ನಡುವೆ ತೊಳಲಿ, ಕಡೆಗೆ ಕ್ರಿಸ್ತನಲ್ಲಿ ಸಮಾಧಾನ ಹೊಂದಿ ಸುವಾರ್ತೆ ಸಾರುವವನಾದನು.

1660ರಲ್ಲಿ, ಸರಕಾರದ ಸಭೆಗೆ ಸೇರದೆ ಬೇರೆ ಕೂಟ ನಡಿಸಿದನೆಂದು ಅಧಿಕಾರಿಗಳು ಅವನನ್ನು ಸೆರೆಗೆ ಹಾಕಿದರು. ಇನ್ನು ಸಾರುವುದಿಲ್ಲವೆಂದು ಒಪ್ಪಿಕೊಂಡರೆ ಬಿಡುಗಡೆ ಸಿಕ್ಕುತ್ತಿತ್ತು. ಮನೆಯಲ್ಲಿ ಮೊದಲನೆಯ ಹೆಂಡತಿಯ ನಾಲ್ಕು ಮಕ್ಕಳು. ಹಿರಿಯವಳಾದ ಮೇರಿಯು ಹುಟ್ಟುಕುರುಡಿ. ಎರಡನೆಯ ಹೆಂಡತಿ ಎಲಿಜಬೆತಳು ತುಂಬು ಗರ್ಭಿಣಿ. ಆ ಆಘಾತದಿಂದ ಕೂಸು ಉಳಿಯಲಿಲ್ಲ. ಆಕೆಯು 1661ರಲ್ಲಿ ನ್ಯಾಯಾಧಿಪತಿಗಳ ಮುಂದೆ ನಿಂತು ಧೈರ್ಯದಿಂದ ವಾದಿಸಿದರೂ ಫಲವಾಗಲಿಲ್ಲ. ಕುರುಡು ಮಗಳನ್ನು ನೆನೆಸಿ ಅವನ ಕರುಳು ಕಿತ್ತುಬರುತ್ತಿತ್ತು; ಆದರೂ ಒಪ್ಪಿಗೆ ಕೊಡಲಿಲ್ಲ. ಸೆರೆಯಲ್ಲಿ ಪಾದರಕ್ಷೆಯ ದಾರಗಳನ್ನು ಮಾಡಿ ಮಾರಿಸಿ ಮನೆಯವರನ್ನು ಪೋಷಿಸಿದನು. ಹೀಗೆ 12 ವರುಷ ಕಳೆದವು. 1672ರಲ್ಲಿ ಬಿಡುಗಡೆಯಾಯಿತು.

ಸೆರೆಯಲ್ಲಿ ಅವನು ಬರೆಯತೊಡಗಿದ ಯಾತ್ರಿಕನ ಕಥೆಯು 1678ರಲ್ಲಿ ಅಚ್ಚಾಯಿತು. ಬೆನ್ನಮೇಲೆ ಹೊರೆ ಹೊತ್ತವನೊಬ್ಬನು ನಾಶದ ಪಟ್ಟಣವನ್ನು ಬಿಟ್ಟು ಪರಲೋಕದ ಪಟ್ಟಣಕ್ಕೆ ಹೊರಡುತ್ತಾನೆ. ದಾರಿಯಲ್ಲಿ ನಿರಾಶೆಯೆಂಬ ರಾಕ್ಷಸನು ಅವನನ್ನೂ ಜೊತೆಗಾರನನ್ನೂ ಸಂದೇಹದ ಕೋಟೆಯಲ್ಲಿ ಕೂಡಿಹಾಕುತ್ತಾನೆ. ಇಬ್ಬರೂ ಅಲ್ಲಿ ನರಳುತ್ತಿರುವಾಗ, ವಾಗ್ದಾನವೆಂಬ ಬೀಗದ ಕೈ ಮೊದಲಿನಿಂದಲೂ ತನ್ನ ಎದೆಯಲ್ಲಿಯೇ ಇದೆಯೆಂದು ಯಾತ್ರಿಕನಿಗೆ ನೆನಪಾಗುತ್ತದೆ. ಬೆಡ್‌ಫರ್ಡಿನ ಸೆರೆಯ ಬಾಗಿಲು 12 ವರುಷ ತೆರೆಯದಿದ್ದರೂ ಬನ್ಯನನ ಮನಸ್ಸನ್ನು ಸೆರೆಬಿಡಿಸಿದ ಕೈ ಇದೇ. ಇದನ್ನು ಅವನು ಊಹೆಯಿಂದ ಬರೆಯಲಿಲ್ಲ. ತಾನು ನಡೆದ ದಾರಿಯನ್ನೇ ಬರೆದನು. ಯಾತ್ರಿಕನ ಹೆಂಡತಿಮಕ್ಕಳ ಪ್ರಯಾಣವನ್ನು ಹೇಳುವ ಎರಡನೆಯ ಭಾಗವು 1684ರಲ್ಲಿ ಬಂದಿತು.

1688ರಲ್ಲಿ, ಮುನಿದಿದ್ದ ತಂದೆಮಗನನ್ನು ಒಂದುಮಾಡಲು ಹೋಗಿ, ಲಂಡನಿಗೆ ಬರುವಾಗ ಮಳೆಯಲ್ಲಿ ನೆನೆದು, ಜ್ವರದಿಂದ ಆಗಸ್ಟ್ 31ರಂದು ತೀರಿಹೋದನು.

ಬಾಸೆಲ್ ಮಿಶನಿನವರು 19ನೆಯ ಶತಮಾನದಲ್ಲಿ ಈ ಗ್ರಂಥವನ್ನು 'ಯಾತ್ರಿಕನ ಸಂಚಾರ' ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಓದಬಲ್ಲ ಮಕ್ಕಳು ಓದಲಾರದ ಹಿರಿಯರಿಗೆ ಸಾಯಂಕಾಲದಲ್ಲಿ ಇದನ್ನು ಸ್ವಲ್ಪ ಸ್ವಲ್ಪವಾಗಿ ಓದಿಹೇಳಲಿ. ತಮ್ಮ ಹೊರೆ ಯಾವುದು, ತಾವು ಎಲ್ಲಿಯ ವರೆಗೆ ನಡೆದು ಬಂದಿದ್ದೇವೆ ಎಂಬದನ್ನು ಕೇಳುವವರು ತಾವೇ ಕಂಡುಕೊಳ್ಳುವರು.