ಓಸ್ಕರ್ ಬರ್ನಾಕ್: ಕ್ಯಾಮೆರಾವನ್ನು ಜೇಬಿಗೆ ಇಳಿಸಿದ ಮೆಕ್ಯಾನಿಕ್

ಫೆಸ್ಟ್‌ಗಳಲ್ಲಿ ಕ್ಯಾಮೆರಾ ಹಿಡಿದು ಓಡಾಡೋ ಗೆಳೆಯರಿಗೆಲ್ಲ ‘ಫುಲ್ ಫ್ರೇಮ್’ ಅನ್ನೋ ಮಾತು ಗೊತ್ತು. ಸೆನ್ಸರ್ 24 × 36 ಮಿ.ಮೀ. ಇದ್ದರೆ ಅದು ಫುಲ್ ಫ್ರೇಮ್. ಆದರೆ ಈ 24, 36 ಎಲ್ಲಿಂದ ಬಂದವು? ಹುಡುಕುತ್ತಾ ಹೋದರೆ ಸಿಗೋದು ಆಸ್ತಮಾದಿಂದ ನರಳುತ್ತಿದ್ದ ಒಬ್ಬ ಮೆಕ್ಯಾನಿಕ್. ಅವರೇ ಓಸ್ಕರ್ ಬರ್ನಾಕ್, ಲೈಕಾ ಕ್ಯಾಮೆರಾದ ಜನಕ.

ಬರ್ನಾಕ್ ಹುಟ್ಟಿದ್ದು 1879ರ ನವೆಂಬರ್ 1ರಂದು, ಬರ್ಲಿನ್‌ಗೆ ದಕ್ಷಿಣದಲ್ಲಿರುವ ಲಿನೋ ಎಂಬ ಹಳ್ಳಿಯಲ್ಲಿ. ಇಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಹುಡುಗನಾಗಿದ್ದಾಗಲೇ ಸೂಕ್ಷ್ಮ ಉಪಕರಣಗಳ ವರ್ಕ್‌ಶಾಪ್ ಸೇರಿ, ಕೈಯಿಂದಲೇ ಕೆಲಸ ಕಲಿತರು. 1902ರಲ್ಲಿ ಯೆನಾ ಊರಿನ ಝೈಸ್ ಕಂಪನಿ ಸೇರಿದರು. ಅಲ್ಲಿ ಎಮಿಲ್ ಮೆಖಾವ್ ಎಂಬ ಸಹೋದ್ಯೋಗಿ ಗೆಳೆಯರಾದರು. ಮೆಖಾವ್ ಮುಂದೆ ವೆಟ್ಸ್ಲಾರ್‌ನ ಲೈಟ್ಸ್ ಕಂಪನಿಗೆ ಹೋದಾಗ ಬರ್ನಾಕ್ ಹೆಸರನ್ನು ಅಲ್ಲಿ ಹೇಳಿದರು. ಹಾಗೆ 1911ರ ಜನವರಿಯಲ್ಲಿ ಬರ್ನಾಕ್ ಲೈಟ್ಸ್‌ಗೆ ಬಂದರು. ಅದು ಮೈಕ್ರೋಸ್ಕೋಪ್ ಮಾಡುವ ಕಂಪನಿ, ಕ್ಯಾಮೆರಾ ವ್ಯಾಪಾರ ಅದರದ್ದಲ್ಲ.

ಫೋಟೋಗ್ರಫಿ ಅವರ ಹವ್ಯಾಸ. ಆಗಿನ ಕ್ಯಾಮೆರಾಗಳಲ್ಲಿ 13 × 18 ಸೆಂ.ಮೀ. ಗಾಜಿನ ಪ್ಲೇಟ್‌ಗಳು, ಜೊತೆಗೆ ಮರದ ಪೆಟ್ಟಿಗೆ, ಸ್ಟ್ಯಾಂಡ್. ಇದನ್ನೆಲ್ಲ ಹೊತ್ತು ಗುಡ್ಡ ಹತ್ತಿದರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಮೊದಲು ಒಂದೇ ಪ್ಲೇಟ್ ಮೇಲೆ ಹತ್ತಾರು ಚಿಕ್ಕ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರು. ಗ್ರೇನ್ ಜಾಸ್ತಿಯಾಗಿ ಚಿತ್ರ ಕೆಟ್ಟಿತು. ಆಮೇಲೆ ಅವರ ಕಣ್ಣು ಸಿನಿಮಾ ಫಿಲ್ಮ್ ಮೇಲೆ ಬಿತ್ತು. 35 ಮಿ.ಮೀ. ಅಗಲದ ಆ ಫಿಲ್ಮ್‌ನಲ್ಲಿ ಒಂದು ಫ್ರೇಮ್ 18 × 24 ಮಿ.ಮೀ. ಬರ್ನಾಕ್ ಮಾಡಿದ್ದು ಇಷ್ಟೇ: ಫಿಲ್ಮನ್ನು ಅಡ್ಡಡ್ಡ ಓಡಿಸಿ, ಎರಡು ಫ್ರೇಮ್‌ಗಳ ಜಾಗವನ್ನು ಒಂದೇ ಚಿತ್ರಕ್ಕೆ ಕೊಟ್ಟರು. 18ರ ಎರಡರಷ್ಟು 36. ಅಲ್ಲಿಗೆ 24 × 36 ಹುಟ್ಟಿತು. 1914ರ ಹೊತ್ತಿಗೆ ಅಂಗೈಯಲ್ಲಿ ಹಿಡಿಯೋ ಒಂದು ಲೋಹದ ಕ್ಯಾಮೆರಾ ರೆಡಿ ಇತ್ತು. ಫಿಲ್ಮ್ ಸುತ್ತಿದರೆ ಶಟರ್ ಕೂಡ ತಾನಾಗೇ ಸಜ್ಜಾಗುತ್ತಿತ್ತು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಹತ್ತು ವರ್ಷ ಆ ಕ್ಯಾಮೆರಾ ಪ್ರಯೋಗವಾಗಿಯೇ ಉಳಿಯಿತು. ಯುದ್ಧ ಮುಗಿದ ಮೇಲೂ ಜರ್ಮನಿಯ ಸ್ಥಿತಿ ಚೆನ್ನಾಗಿರಲಿಲ್ಲ. 1923ರಲ್ಲಿ ಹಣದುಬ್ಬರ ಹೇಗಿತ್ತೆಂದರೆ ನೋಟಿಗೆ ಕಾಗದದ ಬೆಲೆಯೂ ಇರಲಿಲ್ಲ. ಆ ಹೊತ್ತಲ್ಲಿ ಗೊತ್ತಿಲ್ಲದ ಮಾರುಕಟ್ಟೆಗೆ ಕೈ ಹಾಕೋದು ಅಂದ್ರೆ ಕಾರ್ಖಾನೆಯ ನೂರಾರು ಜನರ ಅನ್ನವನ್ನೇ ಪಣಕ್ಕಿಟ್ಟ ಹಾಗೆ. ಪರೀಕ್ಷೆಗೆ ಕೆಲವು ಕ್ಯಾಮೆರಾ ಮಾಡಿ ಕೊಟ್ಟಾಗ ಎಲ್ಲರೂ ಮೆಚ್ಚಲಿಲ್ಲ. 1924ರ ಜೂನ್‌ನಲ್ಲಿ ಮೀಟಿಂಗ್ ನಡೆದು ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಮಾಲೀಕ ಎರಡನೇ ಎರ್ನ್ಸ್ಟ್ ಲೈಟ್ಸ್ ಬರ್ನಾಕ್ ಕ್ಯಾಮೆರಾ ಮಾಡೋಣ ಎಂದು ತೀರ್ಮಾನಿಸಿದರು. 1925ರ ಲೈಪ್ಜಿಗ್ ಮೇಳದಲ್ಲಿ ಲೈಕಾ ಹೊರಬಂತು. ಲೈಟ್ಸ್ ಮತ್ತು ಕ್ಯಾಮೆರಾ ಸೇರಿ ಲೈಕಾ. ಅದರ 50 ಮಿ.ಮೀ. ಲೆನ್ಸ್ ರೂಪಿಸಿದವರು ಮ್ಯಾಕ್ಸ್ ಬೆರೆಕ್.

ಇಲ್ಲಿವರೆಗಿನ ಕಥೆ ಎಲ್ಲ ಕಡೆ ಸಿಗತ್ತೆ. ನನಗೆ ಹೆಚ್ಚು ಇಷ್ಟವಾಗಿದ್ದು ಮುಂದಿನದು.

ಮೊದಲ ಲೈಕಾದ ಲೆನ್ಸ್ ಬಿಚ್ಚೋಕೆ ಆಗ್ತಿರಲಿಲ್ಲ. 1930ರಲ್ಲಿ 39 ಮಿ.ಮೀ. ಸ್ಕ್ರೂ ಮೌಂಟ್ ಬಂತು. ಆದರೆ ಲೆನ್ಸ್ ಮೌಂಟ್‌ನಿಂದ ಫಿಲ್ಮ್‌ವರೆಗಿನ ದೂರ ಒಂದೊಂದು ಕ್ಯಾಮೆರಾದಲ್ಲಿ ಒಂದೊಂದು ಥರ. ಹಾಗಾಗಿ ಪ್ರತಿ ಲೆನ್ಸನ್ನೂ ಒಂದು ನಿರ್ದಿಷ್ಟ ಕ್ಯಾಮೆರಾಗೇ ಹೊಂದಿಸಿ ಕೊಡಬೇಕಿತ್ತು. 1931ರಲ್ಲಿ ಆ ದೂರವನ್ನು 28.8 ಮಿ.ಮೀ. ಎಂದು ನಿಗದಿ ಮಾಡಿದರು. ಅಲ್ಲಿಂದ ಯಾವ ಲೆನ್ಸನ್ನಾದರೂ ಯಾವ ಲೈಕಾಗಾದರೂ ಹಾಕಬಹುದು.

1932ರ ಲೈಕಾ 2ರಲ್ಲಿ ರೇಂಜ್‌ಫೈಂಡರ್ ಕೂಡ ಲೆನ್ಸ್ ಜೊತೆ ಸೇರಿತು. ಮುಂದೆ ಎರಡು ಕಿಟಕಿ, ಅವುಗಳಿಂದ ಕಾಣುವ ಎರಡು ಬಿಂಬ. ಫೋಕಸ್ ತಿರುಗಿಸಿದಾಗ ಎರಡೂ ಒಂದಾದರೆ ದೂರ ಸರಿ. ನಾವು ಪಿಯುಸಿಯಲ್ಲಿ ಓದಿದ ತ್ರಿಕೋನಮಿತಿಯೇ. ಲೆನ್ಸ್‌ನ ಹಿಂಭಾಗ ಕ್ಯಾಮೆರಾದೊಳಗಿನ ಒಂದು ಸಣ್ಣ ತೋಳನ್ನು ತಳ್ಳುತ್ತೆ. ಆ ತೋಳು ಲೆಕ್ಕ ಹಾಕಿರೋದು 50 ಮಿ.ಮೀ. ಲೆನ್ಸ್‌ನ ಚಲನೆಗೆ. 90 ಅಥವಾ 135 ಮಿ.ಮೀ. ಲೆನ್ಸ್ ಅದೇ ದೂರಕ್ಕೆ ತುಂಬಾ ಜಾಸ್ತಿ ಚಲಿಸಬೇಕು. ಅದಕ್ಕೇ ಆ ಲೆನ್ಸ್‌ಗಳ ಹಿಂಭಾಗದ ಕ್ಯಾಮ್ ಹೆಚ್ಚಿನ ಚಲನೆಯನ್ನು ಕಡಿಮೆ ಚಲನೆಯಾಗಿ ಬದಲಿಸಿ ತೋಳಿಗೆ ದಾಟಿಸುತ್ತೆ.

ಇಲ್ಲಿ ತಪ್ಪಿಗೆ ಜಾಗ ಎಷ್ಟು? ಫಿಲ್ಮ್ ಮೇಲೆ 0.03 ಮಿ.ಮೀ. ಮಸುಕಿದ್ದರೂ ಶಾರ್ಪ್ ಅಂತ ಒಪ್ಪಿಕೊಂಡು ಲೆಕ್ಕ ಹಾಕಿ. 3 ಮೀಟರ್ ದೂರದಲ್ಲಿ, f/3.5ನ 50 ಮಿ.ಮೀ. ಲೆನ್ಸ್‌ಗೆ ಸುಮಾರು 75 ಸೆಂ.ಮೀ. ಆಳ ಶಾರ್ಪ್ ಬರತ್ತೆ. f/4.5ನ 135ಕ್ಕೆ ಬರೀ 13 ಸೆಂ.ಮೀ. ಅದಕ್ಕೇ ರೇಂಜ್‌ಫೈಂಡರ್‌ನಲ್ಲಿ 135 ಸಾಮಾನ್ಯವಾಗಿ ಕೊನೆಯ ಗಡಿ. 1935ರಲ್ಲಿ 200 ಮಿ.ಮೀ. ಟೆಲಿಟ್ ಲೆನ್ಸ್ ಬಂದಾಗ ಲೈಟ್ಸ್‌ನವರು ರೇಂಜ್‌ಫೈಂಡರ್ ಬಿಟ್ಟು, ಮಧ್ಯೆ ಕನ್ನಡಿ ಇರುವ ಒಂದು ಪೆಟ್ಟಿಗೆಯನ್ನೇ ಸೇರಿಸಿದರು.

ಬರ್ನಾಕ್ 1936ರ ಜನವರಿ 16ರಂದು ತೀರಿಕೊಂಡರು. ವಯಸ್ಸು 56. ಲೆನ್ಸ್ ಬದಲಿಸಬಹುದಾದ ಲೈಕಾ ಬಂದು ಆಗಿನ್ನೂ ಆರೇ ವರ್ಷ.

1954ರಲ್ಲಿ ಲೈಕಾ ಎಂ3 ಹೊಸ ಬಯೊನೆಟ್ ಮೌಂಟ್ ತಂದಿತು. ಹಳೆಯ ಲೆನ್ಸ್‌ಗಳನ್ನು ಕೈಬಿಡಬಹುದಿತ್ತು. ಕೈಬಿಡಲಿಲ್ಲ. ಹೊಸ ದೂರವನ್ನು 27.8 ಮಿ.ಮೀ. ಇಟ್ಟರು, ಹಳೆಯದಕ್ಕಿಂತ ಸರಿಯಾಗಿ 1 ಮಿ.ಮೀ. ಕಡಿಮೆ. ಆ 1 ಮಿ.ಮೀ. ಜಾಗಕ್ಕೆ ಒಂದು ಉಂಗುರ ಹಾಕಿದರೆ ಸಾಕು, ಹಳೆಯ ಲೆನ್ಸ್ ಕೂರತ್ತೆ, ರೇಂಜ್‌ಫೈಂಡರ್ ಕೂಡ ಕೆಲಸ ಮಾಡತ್ತೆ. 2009ರಲ್ಲಿ ಬಂದ ಡಿಜಿಟಲ್ ಲೈಕಾ ಎಂ9ಗೂ ಅದೇ ಉಂಗುರ ಸಾಕು, ಸೆನ್ಸರ್ ಕೂಡ ಬರ್ನಾಕ್ ಅಳತೆಯದ್ದೇ. ಅಂದ್ರೆ 1933ರ 135 ಮಿ.ಮೀ. ಹೆಕ್ಟರ್ ಲೆನ್ಸ್ ಇವತ್ತೂ ಅದರ ಮೇಲೆ ಚಿತ್ರ ತೆಗೆಯತ್ತೆ.

ಆದರೆ ಡಿಜಿಟಲ್‌ನಲ್ಲಿ ಪರೀಕ್ಷೆ ಕಠಿಣ. ಎಂ9ರ ಒಂದು ಪಿಕ್ಸೆಲ್ ಸುಮಾರು 6.8 ಮೈಕ್ರಾನ್. ಹಿಂದೆ ಒಪ್ಪಿಕೊಂಡ 0.03 ಮಿ.ಮೀ. ಮಸುಕು ಅಂದ್ರೆ ನಾಲ್ಕು ಪಿಕ್ಸೆಲ್‌ಗೂ ಹೆಚ್ಚು. ಪ್ರಿಂಟ್‌ನಲ್ಲಿ ಕಾಣದ ತಪ್ಪು ಸ್ಕ್ರೀನ್ ಮೇಲೆ ಝೂಮ್ ಮಾಡಿದರೆ ಕಂಡುಬಿಡತ್ತೆ. ವ್ಯೂಫೈಂಡರ್‌ನಲ್ಲಿ 135ರ ಚೌಕಟ್ಟು ಬೇರೆ ಪುಟ್ಟದು. ಆ ಕಾಲದ ಲೆನ್ಸ್‌ಗಳಿಗೆ ಕೋಟಿಂಗ್ ಇಲ್ಲದ್ದರಿಂದ ಎದುರು ಬೆಳಕಿಗೆ ಚಿತ್ರ ಮಂಕಾಗತ್ತೆ, ಹುಡ್ ಬೇಕೇ ಬೇಕು. ಇಷ್ಟಾದರೂ ಕ್ಯಾಮ್ ಸವೆಯದಿದ್ದರೆ, ಕ್ಯಾಮೆರಾ ಸರಿಯಾಗಿ ಹೊಂದಿಸಿದ್ದರೆ, ಎರಡು ಬಿಂಬಗಳು ಒಂದಾದ ಕಡೆಯೇ ಫೋಕಸ್ ಬೀಳತ್ತೆ.

ವರ್ಕ್‌ಶಾಪ್ ಲ್ಯಾಬ್‌ನಲ್ಲಿ ವರ್ನಿಯರ್ ಹಿಡಿದು ರೀಡಿಂಗ್ ಬರೆಯುವಾಗ, ಟಾಲರೆನ್ಸ್ ಅನ್ನೋದು ಮಾರ್ಕ್ಸ್‌ಗೆ ಮಾತ್ರ ಅನ್ನಿಸತ್ತೆ. ವೆಟ್ಸ್ಲಾರ್‌ನಲ್ಲಿ ಯಾರೋ ಅದನ್ನು ನಿಷ್ಠೆಯಿಂದ ಪಾಲಿಸಿದ್ದಕ್ಕೇ, ಬರ್ನಾಕ್ ಊಹಿಸಿಯೂ ಇರದ ಕ್ಯಾಮೆರಾದಲ್ಲಿ ಅವರ ಕಾಲದ ಗಾಜು ಇನ್ನೂ ಕೆಲಸ ಮಾಡ್ತಿದೆ.